ಹೌದ್ರಿ ಅನ್ನುವ ಮನೆ

ಅಫಜಲಪುರದಲ್ಲಿ ವಾಮನ ಮಾಸ್ತರರ ಜೊತೆ ಜಗಳ ಆಡದವರು ಯಾರಾದರೂ ಇದ್ದರೆ ಅವರು ಊರಿಗೆ ಹೊಸಬರು ಎಂದೇ ಲೆಕ್ಕ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನ ಜೊತೆ, ತೊಗರಿ ಮಾರುವ ಅಡತಿ ಅಂಗಡಿಯಲ್ಲಿ ತಕ್ಕಡಿ ಹಿಡಿದವನ ಜೊತೆ, ಬೆಳಿಗ್ಗೆ ಪೇಪರ್ ಬಂದ ಕೂಡಲೇ ನನ್ನ ಜೊತೆ. ನಾನು ಗುರಣ್ಣ, ಪಕ್ಕದ ಮನೆಯವನು, ಅವರದೇ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಅವರು ಅತನೂರಿನವರು, ವಿಜ್ಞಾನದ ಮಾಸ್ತರರು. ನಾವಿಬ್ಬರೂ ಯಾವ ಮಾತಿಗಾದರೂ ಒಪ್ಪಿದ ನೆನಪಿಲ್ಲ. ಅದರಲ್ಲೇ ಸುಖವಾಗಿದ್ದೆವು.

ಅವರ ಒಂದು ಪಾಠ ಊರಿಗೆಲ್ಲ ಬಾಯಿಪಾಠವಾಗಿತ್ತು. ಬೋಗುಣಿಯೊಳಗೆ ಗೋಲಿ ಇಟ್ಟು ತಳ್ಳುತ್ತಿದ್ದರು; ಅದು ಅತ್ತಿತ್ತ ಓಡಾಡಿ ತಳಕ್ಕೇ ಬಂದು ನಿಲ್ಲುತ್ತಿತ್ತು. “ಇದು ಸ್ಥಿರ.” ಆಮೇಲೆ ಬೋಗುಣಿ ಬೋರಲು ಹಾಕಿ, ನೆತ್ತಿಯ ಮೇಲೆ ಗೋಲಿಯನ್ನು ಹೇಗೋ ನಿಲ್ಲಿಸುತ್ತಿದ್ದರು. “ಇದು ಅಸ್ಥಿರ. ಮುಟ್ಟಿದ್ರೋ, ಹೋತು. ತಿರುಗಿ ಬರಂಗಿಲ್ಲ.” ಮಗಳು ಪ್ರಾಚಿ ಇದನ್ನು ಅವರ ತರಗತಿಯಲ್ಲೇ ಕೂತು ಕಲಿತಿದ್ದಳು, ಹೆಂಡತಿ ಉಮಾಬಾಯಿ ಅಡಿಗೆಮನೆಯ ಬೋಗುಣಿಗಳನ್ನು ಕಳಕೊಂಡು ಕಲಿತಿದ್ದರು.

ಹೋದ ಚಳಿಗಾಲದಲ್ಲಿ ಮಾಸ್ತರರಿಗೆ ಎದೆ ಹಿಡಿದುಕೊಂಡಿತು. ಕಲಬುರಗಿಯ ಡಾಕ್ಟರು ಅದಕ್ಕೆ ಅನ್‌ಸ್ಟೇಬಲ್ ಅಂಜೈನಾ, ಅಂದರೆ ಅಸ್ಥಿರ ಎದೆನೋವು ಎಂದರು, ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಳ್ಳಿ ಎಂದರು. “ಸ್ಟೇಬಲ್ ಇದ್ದವರಿಗೆ ಮೆಟ್ಟಲ ಹತ್ತಿದಾಗ ನೋಯ್ತದ, ಕುಂತರ ಬಿಡ್ತದ. ಇದು ಸುಮ್ಮನ ಕುಂತಾಗೂ ಬರ್ತದ. ಯಾವಾಗಂತ ಹೇಳಾಕ ಆಗಂಗಿಲ್ಲ,” ಎಂದು ಬಿಡಿಸಿಯೂ ಹೇಳಿದರು.

ಉಮಾಬಾಯಿಗೆ ಗೊತ್ತಿದ್ದ ಅಸ್ಥಿರ ಒಂದೇ, ಗಂಡ ಕಲಿಸಿದ್ದು. ಮುಟ್ಟಬಾರದು, ಅಷ್ಟೆ. “ಮೊದಲ ಪ್ರಾಚಿ ಮದುವಿ, ಆಮ್ಯಾಲ ಸ್ಟೆಂಟು,” ಎಂದು ಮಾಸ್ತರರು ಹಟ ಹಿಡಿದಾಗ, ಎದುರು ಮಾತಾಡಿದರೆ ಎದೆಗೆ ಹತ್ತೀತು ಎಂದು ಹೆದರಿ “ಹೌದ್ರಿ” ಎಂದರು. ಗುಳಿಗೆಯ ಚೀಲ ಹಿಡಿದುಕೊಂಡು ಮನೆಗೆ ಬಂದರು.

ಅಂದಿನಿಂದ ಆ ಮನೆಯಲ್ಲಿ ‘ಇಲ್ಲ’ ಎಂಬ ಮಾತೇ ಸತ್ತಿತು. ಉಮಾಬಾಯಿ ನನಗೂ ಕೈಮುಗಿದರು. “ಅವರೇನಂದ್ರೂ ಹೂಂ ಅನ್ರಿ, ಗುರಣ್ಣಾರ.” ಪೇಪರ್ ಮುಂದೆ ಕೂತು ಆ ಮನುಷ್ಯನಿಗೆ ಹೂಂ ಅನ್ನುವ ಕಷ್ಟ ನನ್ನ ವೈರಿಗೂ ಬೇಡ. ಗಂಡ ಹೊರಗೆ ಹೋಗಬಾರದೆಂದು ಉಮಾಬಾಯಿ ಚಪ್ಪಲಿ ಅಡಗಿಸಿದ್ದರು. ಮಾಸ್ತರರು ದಿನದಿನಕ್ಕೆ ಸಪ್ಪಗಾದರು.

“ಇದು ಮನಿ ಅಲ್ಲೋ ಗುರಣ್ಣ, ಜೇಲು. ಗುದ್ದಿದರ ಗೋಡೀನೂ ಹೌದ್ರಿ ಅಂತದ.”

ನಾನು ಹೂಂ ಎಂದೆ. ಅವರು ನನ್ನನ್ನು ನುಂಗುವ ಹಾಗೆ ನೋಡಿದರು.

ಈ ಹೌದುಗಳ ನಡುವೆಯೇ ಪ್ರಾಚಿಯ ಮದುವೆ ಜೇವರ್ಗಿಯ ವಕೀಲರೊಬ್ಬರ ಮಗನ ಜೊತೆ ಗೊತ್ತಾಯಿತು. ಅವಳು ಆಳಂದ ಕಡೆಯ ಸರಸಂಬಾದಲ್ಲಿ ಶಾಲೆ ಟೀಚರು. ನೌಕರಿ ಬಿಡಬೇಕೆಂದು ಹುಡುಗ ಫೋನಿನಲ್ಲೇ ಹೇಳಿದ್ದನಂತೆ. ಅವಳು ತಾಯಿಯ ಮುಂದೆ ಅತ್ತರೆ, ತಾಯಿ “ಅಪ್ಪನ ಎದಿ ನೆನಸ್ಕೋ” ಎಂದು ಬಾಯಿ ಮುಚ್ಚಿಸಿದರು. ಮಾಸ್ತರರಿಗೆ ಇದೊಂದೂ ಗೊತ್ತಿಲ್ಲ. ಮಗಳು ಒಲ್ಲದಿದ್ದರೆ ಜಗಳಕ್ಕೆ ಬರುತ್ತಾಳೆ ಎಂದು ನಂಬಿದ್ದರು. ಅಡಿಗೆಯವರನ್ನು ಗೊತ್ತುಮಾಡುವವರೆಗೂ ಕೆಲಸ ಬಂತು.

ಒಂದು ರವಿವಾರ ನಾನು ಅಲ್ಲೇ ಕೂತಿದ್ದೆ. ಪ್ರಾಚಿ ಚಹಾ ತಂದಳು. ಮಾಸ್ತರರು ಬೇಸರಕ್ಕೆ ಕೆಣಕಿದರು.

“ಬೋರಲ ಬೋಗುಣಿ ಮ್ಯಾಲಿನ ಗೋಲಿ ತಳ್ಳಿದರ ತಿರುಗಿ ನೆತ್ತಿಗೇ ಬರ್ತದ. ಅಲ್ಲೇನ?”

“ಹೌದಪ್ಪ.”

ಅವಳು ಅವರ ಮುಖ ನೋಡುತ್ತಿರಲಿಲ್ಲ, ಎದೆ ನೋಡುತ್ತಿದ್ದಳು. ಮಾಸ್ತರರು ಕಪ್ಪು ಕೆಳಗಿಟ್ಟರು.

“ಜೇವರ್ಗಿ ಹುಡುಗ ನಿನಗ ಮನಸ್ಸಿಗೆ ಬಂದಾನ?”

“ಹೌದಪ್ಪ.”

ಅದೇ ದನಿ. ಎಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮಾಸ್ತರರ ಕಣ್ಣು ತುಂಬಿತು.

“ಎದಿ ನೋಡಬ್ಯಾಡ, ಮಾರಿ ನೋಡು. ಖರೇ ಹೇಳು.”

“ಒಲ್ಲೆ, ಅಪ್ಪ. ಸಾಲಿ ಬಿಡಾಕ ಒಲ್ಲೆ. ಅವನೂ ಒಲ್ಲೆ.”

ಉಮಾಬಾಯಿ ಗುಳಿಗೆ ಹಿಡಿದು ಓಡಿಬಂದರು. ಏನೂ ಆಗಲಿಲ್ಲ. ಮಾಸ್ತರರು ಎಷ್ಟೋ ದಿನಗಳ ಮೇಲೆ ಗಟ್ಟಿಯಾಗಿ ನಕ್ಕರು, ತಣ್ಣಗಾದ ಚಹಾ ಕುಡಿದರು, ಪೇಪರ್ ಬಿಡಿಸಿ ನನ್ನನ್ನು ದಡ್ಡ ಎಂದರು. ನಾನು ಬಿಡಲಿಲ್ಲ, ನೀವೇ ದಡ್ಡರು ಎಂದೆ.

ನೋವು ಬಂದದ್ದು ಅದೇ ದಿನ ಮಧ್ಯಾಹ್ನ. ಊಟ ಮುಗಿಸಿ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು. ಗುಳಿಗೆ ಇಟ್ಟರೂ ತಗ್ಗಲಿಲ್ಲ. ಉಮಾಬಾಯಿಯ ಕೂಗು ಕೇಳಿ ನಾನು ಓಡಿದೆ.

“ಕೊಂದೆಲ್ಲ ಬೇ, ಅಪ್ಪನ್ನ ಕೊಂದೆಲ್ಲ!” ಎಂದು ಅವರು ಮಗಳ ಮೇಲೆ ಹೋಗುತ್ತಿದ್ದರು. ಪ್ರಾಚಿ ಗೋಡೆಗೆ ಆತು ನಿಂತಿದ್ದಳು. “ಮಾಡ್ಕೋತೇನಪ್ಪ. ಅವನ್ನೇ ಮಾಡ್ಕೋತೇನಿ,” ಎನ್ನುತ್ತಿದ್ದಳು.

ನಾನು ಆಸ್ಪತ್ರೆಗೆಂದು ಗಾಡಿ ತರಿಸಿದೆ. ಮಾಸ್ತರರು ಹತ್ತಲಿಲ್ಲ. ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು.

“ಜೇವರ್ಗಿಗೆ ಫೋನ್ ಹಚ್ಚು, ಗುರಣ್ಣ.”

“ಹುಚ್ಚ ಹಿಡದದೇನ್ರಿ? ಆಮ್ಯಾಲ ಮಾತಾಡೂಣು.”

“ಆಮ್ಯಾಲ ನಾ ಇರಲಿಕ್ಕಿಲ್ಲ. ಅಪ್ಪನ ಕಡೀ ಆಸಿ ಅಂತ ಹೇಳಿ ಇಕೀನ್ನ ಅವನ ಕೊರಳಿಗೇ ಕಟ್ಟತೀರಿ. ಹಚ್ಚು.”

ಅವರು ಹೋಗಿಬಿಟ್ಟಿದ್ದರೆ ನಾವು ಹಾಗೇ ಮಾಡುತ್ತಿದ್ದೆವು, ಅದು ಎಲ್ಲರಿಗೂ ಗೊತ್ತಿತ್ತು.

ಫೋನು ಹಚ್ಚಿ ಅವರ ಕಿವಿಗೆ ಹಿಡಿದೆ. ಆ ಕಡೆಯಿಂದ ವಕೀಲರ ಹಲೋ ಬಂತು. ಮಾಸ್ತರರಿಗೆ ಉಸಿರು ಸಾಲಲಿಲ್ಲ. ಪ್ರಾಚಿ ಫೋನು ಕಸಿದುಕೊಂಡಳು.

“ನಾ ಪ್ರಾಚಿ ಮಾತಾಡಾಕತ್ತೇನ್ರಿ. ಈ ಮದುವಿ ನಾ ಒಲ್ಲೆ. ಅಪ್ಪಂದಲ್ಲ, ಇದು ನನ್ನ ಮಾತು.”

ಮಾಸ್ತರರು ಬೆವರಿದ ಮುಖವನ್ನೂ ಒರೆಸಿಕೊಳ್ಳದೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಚೌಕಟ್ಟು ಬಿಟ್ಟು ಮಗಳ ಹೆಗಲು ಹಿಡಿದರು.

“ಈಗ ನಡೀರಿ,” ಎಂದರು.