ಹೊಳೆಯ ಉದ್ದಕ್ಕೆ ಹೋಗಬೇಕಿದ್ದ ಕಾಸಿಂ

ಕಾಸಿಂ ಹೋಗಿ ಐದು ತಿಂಗಳಾಯಿತು. ಗಲ್ಫಿನ ಯಾನ್ಬು ಊರಿನ ನೀರಿನ ಸ್ಥಾವರದಲ್ಲಿ ನಾವು ಹನ್ನೊಂದು ವರ್ಷ ಒಟ್ಟಿಗಿದ್ದೆವು. ಸಮುದ್ರದ ನೀರಿನ ಉಪ್ಪು ತೆಗೆದು ಸಿಹಿ ಮಾಡುವುದು ಅಲ್ಲಿಯ ಕೆಲಸ. ನಾನು ಪ್ರಯೋಗಾಲಯದಲ್ಲಿ, ಅವನು ಪಂಪುಗಳ ಬಳಿ. ನಾನು ಮೈಸೂರಿನವನು, ಅವನು ನೇತ್ರಾವತಿ ದಡದ ಪಾವೂರಿನವನು. ಯಾವಾಗಲೂ ಏನಾದರೂ ಓದುತ್ತಿದ್ದೆನೆಂದು ನನ್ನನ್ನು ‘ಮಾಷ್ಟ್ರೆ’ ಎಂದು ಕರೆಯುತ್ತಿದ್ದ.

ಅವನ ತಂದೆ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದರು. ಹತ್ತನೆಯ ವಯಸ್ಸಿಗೇ ಇವನ ಕೈಗೂ ದೋಣಿ ನೂಕುವ ಜಲ್ಲೆ ಬಂತು. ಗಲ್ಫಿಗೆ ಹೊರಡುವ ಹಿಂದಿನ ದಿನದವರೆಗೂ ಆ ದಡದಿಂದ ಈ ದಡಕ್ಕೆ, ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸಿದ. ಆಮೇಲೆ ಬಂದು ಸೇರಿದ್ದು ಒಂದೂ ಹೊಳೆಯಿಲ್ಲದ ದೇಶಕ್ಕೆ.

ತೊಂಬತ್ತಮೂರರಲ್ಲಿ ಹೊಸ ಪಂಪು ಜೋಡಿಸಲು ಹೆಲ್ಮುಟ್ ಎಂಬ ಜರ್ಮನ್ ಎಂಜಿನಿಯರ್ ಬಂದಿದ್ದ. ಹೊರಡುವಾಗ ಕಾಸಿಂನ ಕೈಗೆ ಒಂದು ಬಣ್ಣದ ಪುಸ್ತಿಕೆ ಕೊಟ್ಟ. ಮೈನ್ ಎಂಬ ನದಿಯಲ್ಲಿ ಎಂಟು ದಿನ ನಿಧಾನವಾಗಿ ಸಾಗುವ ಹಡಗು. ದಡದಲ್ಲಿ ನೂರಾರು ವರ್ಷ ಹಳೆಯ ಊರುಗಳು: ಮಿಲ್ಟೆನ್‌ಬೆರ್ಗ್, ವೆರ್ಟ್‌ಹೈಮ್, ವುರ್ಟ್ಸ್‌ಬುರ್ಗ್, ಕೊನೆಗೆ ಬಾಂಬೆರ್ಗ್. ಬರೆದದ್ದನ್ನು ಓದಲು ಅವನಿಗೆ ಬರುತ್ತಿರಲಿಲ್ಲ. ಚಿತ್ರಗಳನ್ನೇ ಓದುತ್ತಿದ್ದ.

ವೆರ್ಟ್‌ಹೈಮಿನ ಒಂದು ಚಿತ್ರ ಅವನಿಗೆ ತುಂಬ ಹಿಡಿಸಿತ್ತು. ಹಳೆಯ ಮನೆಯ ಗೋಡೆಯಲ್ಲಿ ಒಂದರ ಮೇಲೊಂದು ಗೀರು, ಪಕ್ಕದಲ್ಲಿ ಇಸವಿ. ನೆರೆ ಬಂದಾಗಲೆಲ್ಲ ನೀರು ಎಲ್ಲಿಯವರೆಗೆ ಏರಿತ್ತೆಂದು ಆ ಊರಿನವರು ಗುರುತು ಮಾಡಿಟ್ಟಿದ್ದರು.

“ನೋಡಿ ಮಾಷ್ಟ್ರೆ, ಇವರು ನಮ್ಮ ಹಾಗೇ. ಎಪ್ಪತ್ತನಾಲ್ಕರ ನೆರೆಯಲ್ಲಿ ನಮ್ಮ ಮನೆಗೆ ಕಿಟಕಿವರೆಗೆ ನೀರು. ಆದರೆ ಗೀರು ಹಾಕುವ ಬುದ್ಧಿ ನಮಗೆ ಬರ್ಲಿಲ್ಲ.”

ಇನ್ನೊಮ್ಮೆ ಅಂದ: “ಹೊಳೆಯನ್ನು ಅಡ್ಡಕ್ಕೆ ಎಷ್ಟು ಸಾವಿರ ಸಲ ದಾಟಿದ್ದೇನೋ ಹುಟ್ಟಿಸಿದವನಿಗೇ ಗೊತ್ತು. ಉದ್ದಕ್ಕೆ ಒಂದು ಸಲ ಹೋಗ್ಬೇಕು. ಯಾರನ್ನೂ ಹತ್ತಿಸ್ಲಿಕ್ಕಿಲ್ಲ, ಇಳಿಸ್ಲಿಕ್ಕಿಲ್ಲ. ಸುಮ್ಮನೆ ಕೂತುಕೊಂಡು.”

ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದ ಐತ ಅದನ್ನು ಕೇಳಿಸಿಕೊಂಡು ನಕ್ಕುಬಿಟ್ಟ. “ಎಂತ ಮಾರಾಯ, ಎರಡು ವರ್ಷಕ್ಕೊಂದು ರಜೆ. ಹೆಂಡತಿ ಮಕ್ಕಳು ಕಾಯ್ತಾ ಇರ್ತಾರೆ. ನೀನು ಬಿಳಿಯರ ಜತೆ ಹಡಗಲ್ಲಿ ತಿರುಗ್ಲಿಕ್ಕೆ ಹೋಗ್ತೀಯಾ? ಹಾಜರಾ ಬಾಗಿಲು ತೆಗೀಲಿಕ್ಕಿಲ್ಲ, ನೋಡು!”

ಎಲ್ಲರೂ ನಕ್ಕರು. ಕಾಸಿಂನೂ ನಕ್ಕ. ಮತ್ತೆ ಆ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ. ಆಸೆ ಆರಿತೆಂದು ನಾನು ತಿಳಿದೆ.

ಗಲ್ಫಿನಲ್ಲಿ ಯಾರೇ ರಜೆಗೆ ಹೊರಟರೂ ಅವರ ಪೆಟ್ಟಿಗೆಯಲ್ಲಿ ಅರ್ಧ ಜಾಗ ಉಳಿದವರದು. ಕೇಳುವುದಕ್ಕೆ ಸಂಕೋಚವಿಲ್ಲ, ಒಲ್ಲೆ ಎನ್ನುವ ರೂಢಿಯಿಲ್ಲ. ತೊಂಬತ್ತೇಳರ ಜುಲೈಯಲ್ಲಿ ಕಾಸಿಂ ಹೊರಟಾಗ ನಾನೂ ಒಂದು ಫ್ಲಾಸ್ಕ್ ಹಿಡಿದುಕೊಂಡು ಹೋದೆ. ಒಳಗೆ ಮಂಜುಗಡ್ಡೆ, ಅದರ ನಡುವೆ ನನ್ನ ತಾಯಿ ವಿಜಯಮ್ಮನ ಕಣ್ಣಿಗೆ ಹಾಕುವ ಹನಿ ಔಷಧಿ. ಆಗ ಅದು ನಮ್ಮಲ್ಲಿ ಸಿಗುತ್ತಿರಲಿಲ್ಲ.

ಅವನು ಫ್ಲಾಸ್ಕನ್ನು ಕೂಡಲೇ ತೆಗೆದುಕೊಳ್ಳಲಿಲ್ಲ.

“ಎಷ್ಟು ಹೊತ್ತು ಹೀಗೆ ಇಡಬಹುದು?”

“ಐಸ್ ಹಾಕುತ್ತಾ ಇದ್ದರೆ ಎರಡು ದಿನ. ಆಮೇಲೆ ಫ್ರಿಜ್ಜಿಗೇ ಹೋಗಬೇಕು.”

“ಬೇರೆ ಯಾರೂ ಹೋಗುವವರಿಲ್ವಾ, ಈ ವಾರ?”

“ಇಲ್ಲ ಕಾಸಿಂ. ಅಮ್ಮನ ಒಂದು ಕಣ್ಣು ಆಗಲೇ ಹೋಗಿದೆ.”

ಆಮೇಲೆ ಕೈ ಚಾಚಿದ. “ಕೊಡಿ ಮಾರಾಯ್ರೆ. ದಡ ಮುಟ್ಟಿಸುವುದು ನಮ್ಮ ಮನೆತನದ ಕೆಲಸ ಅಲ್ವಾ.”

ಮುಂಬಯಿಯಲ್ಲಿ ಇಳಿದು, ಮಂಗಳೂರಿಗೆ ಬಂದು, ಮನೆಗೂ ಹೋಗದೆ ಬಸ್ಸು ಹತ್ತಿ ಮೈಸೂರಿನಲ್ಲಿ ಅಮ್ಮನ ಕೈಗೆ ಅದನ್ನು ಕೊಟ್ಟನಂತೆ. ಅಮ್ಮ ಕೊಟ್ಟ ಉಪ್ಪಿಟ್ಟು ತಿಂದು ಅದೇ ಸಂಜೆ ಹಿಂದಿರುಗಿದನಂತೆ. ಅಮ್ಮ ಇವತ್ತಿಗೂ ಉಳಿದ ಒಂದು ಕಣ್ಣಿನಲ್ಲಿ ಪತ್ರಿಕೆ ಓದುತ್ತಾಳೆ.

ಈ ಫೆಬ್ರವರಿಯಲ್ಲಿ, ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕೂತಿದ್ದವನು ಮತ್ತೆ ಏಳಲಿಲ್ಲ. ಐವತ್ತೂ ತುಂಬಿರಲಿಲ್ಲ. ಅವರ ಪದ್ಧತಿಯಂತೆ ಅಲ್ಲಿಯೇ ಮಣ್ಣು ಮಾಡಿದರು. ನಾನು ಖಬರಸ್ಥಾನದ ಗೋಡೆಯ ಹೊರಗೆ ನಿಂತಿದ್ದೆ.

ನಮ್ಮೆಲ್ಲರ ಪಾಸ್‌ಪೋರ್ಟ್ ಇರುವುದು ಕಂಪನಿಯ ಬೀರುವಿನಲ್ಲಿ. ಒಬ್ಬರದು ಇನ್ನೊಬ್ಬರು ನೋಡುವ ಸಂದರ್ಭವೇ ಬರುವುದಿಲ್ಲ. ರದ್ದು ಮಾಡಿಸಲು ಕಾಸಿಂನದನ್ನು ಜಿದ್ದಾದ ಕಾನ್ಸುಲೇಟಿಗೆ ಒಯ್ಯುವ ಕೆಲಸ ನನಗೆ ಬಂತು. ಬಸ್ಸಿನಲ್ಲಿ ಕೂತು ಸುಮ್ಮನೆ ಹಾಳೆ ತಿರುವಿದೆ. ನಡುವಿನಲ್ಲಿ ಜರ್ಮನಿಯ ವೀಸಾ. ತೊಂಬತ್ತೇಳರ ಜುಲೈ. ಅದರ ಮೇಲೆ ಯಾವ ವಿಮಾನ ನಿಲ್ದಾಣದ ಮುದ್ರೆಯೂ ಬಿದ್ದಿರಲಿಲ್ಲ.

ಅವನ ಪೆಟ್ಟಿಗೆಯಲ್ಲಿ, ಪುಸ್ತಿಕೆಯೊಳಗೆ, ಹೆಲ್ಮುಟ್ ಕಳಿಸಿದ್ದ ಟಿಕೆಟ್ಟೂ ಸಿಕ್ಕಿತು. ಎಂಟು ದಿನ, ಒಬ್ಬ ಪ್ರಯಾಣಿಕ, ಕಿಟಕಿ ಇರುವ ಕೋಣೆ. ಹಡಗು ಹೊರಡುವ ದಿನ ಅವನು ನನ್ನ ಫ್ಲಾಸ್ಕ್ ಹಿಡಿದುಕೊಂಡು ಮೈಸೂರಿನ ಬಸ್ಸಿನಲ್ಲಿದ್ದ.

ಈ ಸಲ ರಜೆಗೆ ಬರುವಾಗ ನಾನು ಯಾರ ಸಾಮಾನನ್ನೂ ತೆಗೆದುಕೊಳ್ಳಲಿಲ್ಲ, ಕಾಸಿಂನ ಪೆಟ್ಟಿಗೆಯೊಂದನ್ನು ಬಿಟ್ಟು. ಆ ಪೆಟ್ಟಿಗೆ ಕಂಡು ಯಾರೂ ಕೇಳಲೂ ಇಲ್ಲ. ಪಾವೂರಿನಲ್ಲಿ ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಅವನ ಹೆಂಡತಿ ಹಾಜರಾ ಚಾ ತಂದಿಟ್ಟು ಬಾಗಿಲ ಮರೆಯಲ್ಲಿ ನಿಂತರು. ಅವರೇ ಮಾತು ತೆಗೆದರು.

“ಎರಡು ವರ್ಷದ ಹಿಂದೆ, ಹೇಳಿದ್ದಕ್ಕಿಂತ ಎಂಟು ದಿನ ಮೊದಲೇ ಬಂದಿದ್ರು ಅಣ್ಣಾ. ಎಂತಕ್ಕೆ ಅಂತ ಕೇಳಿದ್ರೆ ನಗ್ತಿದ್ರು. ದಿನವೂ ಈ ಜಗಲಿಯಲ್ಲೇ ಕೂತು ಹೊಳೆ ನೋಡಿದ್ದು. ಅಷ್ಟು ದಿನ ಒಟ್ಟಿಗೆ ಸುಮ್ಮನೆ ಕೂತದ್ದು ಅದೊಂದೇ ಸಲ.” ಆಮೇಲೆ ಗೋಡೆ ತೋರಿಸಿದರು. “ಆ ಸಲ ನೀರು ಜಗಲಿಗೂ ಹತ್ತಿತ್ತು. ಇಳಿದ ಮೇಲೆ ಮೊಳೆಯಲ್ಲಿ ಅದೊಂದು ಗೀಚಿದ್ರು. ಮಕ್ಕಳಾಟ.”

ಮೊಣಕಾಲಿನಷ್ಟು ಎತ್ತರದಲ್ಲಿ ಒಂದು ಗೀರು. ಪಕ್ಕದಲ್ಲಿ ೧೯೯೭.

ನಾನು ಪೆಟ್ಟಿಗೆ ತೆರೆದು ಪುಸ್ತಿಕೆ ತೆಗೆದೆ. ವೆರ್ಟ್‌ಹೈಮಿನ ಹಾಳೆ ತೋರಿಸಿ, ಟಿಕೆಟ್ಟಿನ ವಿಷಯ, ಫ್ಲಾಸ್ಕಿನ ವಿಷಯ, ಎಲ್ಲ ಹೇಳಿದೆ. ಹಾಜರಾ ಚಿತ್ರವನ್ನು ಗೋಡೆಯ ಗೀರಿನ ಪಕ್ಕ ಹಿಡಿದು ನೋಡಿದರು.

“ನಿಮ್ಮ ಅಮ್ಮನಿಗೆ ಈಗ ಕಾಣ್ತದಾ?”

“ಕಾಣುತ್ತದೆ.”

“ಹಬ್ಬಕ್ಕೆ ಸುಣ್ಣ ಹೊಡೆಸ್ಬೇಕು ಅಂತಿದ್ದೆ,” ಎಂದರು. “ಇಷ್ಟು ಜಾಗ ಬಿಡ್ಲಿಕ್ಕೆ ಹೇಳ್ತೇನೆ.”