ಮಾಸ್ಟ್ರ ರೆಕಾರ್ಡ್ ಪ್ಲೇಯರ್ ಸರಿಯಾದ ದಿನ

ಮೂಡುಬಿದಿರೆಯ ನಿವೃತ್ತ ಮಾಸ್ಟ್ರೊಬ್ಬರು ರಿಪೇರಿಗೆಂದು ನನ್ನನ್ನು ಮನೆಗೆ ಕರೆಸಿದ್ದರು. ಅವರ ರೆಕಾರ್ಡ್ ಪ್ಲೇಯರಿನಲ್ಲಿ ಯಾವ ಹಾಡು ಹಾಕಿದರೂ ಮುಳ್ಳು ನಡುವೆ ಜಾರಿ ಮುಂದಕ್ಕೆ ಹಾರುತ್ತಿತ್ತು. ನನಗಿಂತ ಮೊದಲು ಇಬ್ಬರು ಬಂದು ಸೋತು ಹೋಗಿದ್ದರಂತೆ.

ಮುಳ್ಳು ಹೊಸತೇ ಇತ್ತು. ಅದು ರೆಕಾರ್ಡಿನ ಮೇಲೆ ಒತ್ತುವ ಭಾರ ತೂಗಿ ನೋಡಿದೆ, ಅದೂ ಸರಿಯಿತ್ತು. ಕೊನೆಗೆ ಮೇಸ್ತ್ರಿಗಳು ಬಳಸುವ ರಸಮಟ್ಟವನ್ನು ಪ್ಲೇಯರಿನ ಮೇಲಿಟ್ಟರೆ ಗುಳ್ಳೆ ಒಂದು ಬದಿಗೆ ಓಡಿತು. ಪ್ಲೇಯರನ್ನು ಎತ್ತಿ ನೋಡಿದರೆ ಅದರ ಒಂದು ಕಾಲಿನ ಅಡಿಯಲ್ಲಿ ಮಡಚಿದ ರಟ್ಟು!

"ಇದನ್ನು ಯಾರು ಇಟ್ಟದ್ದು?" ಎಂದೆ. ಮಾಸ್ಟ್ರಿಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದರು.

ರಟ್ಟು ತೆಗೆದು ಹಾಡು ಹಾಕಿದೆ. ಮುಳ್ಳು ಎಲ್ಲಿಯೂ ಹಾರಲಿಲ್ಲ. ಮಾಸ್ಟ್ರು ಖುಷಿಯಲ್ಲಿ ಕಣ್ಣು ಮುಚ್ಚಿ ತಾವೂ ಹಾಡತೊಡಗಿದರು. ಅಂಥ ಅಪಸ್ವರವನ್ನು ನಾನು ಯಾವ ಕೆಟ್ಟ ಯಂತ್ರದಲ್ಲೂ ಕೇಳಿರಲಿಲ್ಲ.

ಮಾಸ್ಟ್ರ ಹೆಂಡತಿ ನನ್ನ ಕೈಗೆ ಚಾ ಕೊಟ್ಟು ಮೆಲ್ಲಗೆ ಹೇಳಿದರು: "ಎರಡು ವರ್ಷ ನೆಮ್ಮದಿಯಲ್ಲಿದ್ದೆ ಮಾರಾಯ್ರೆ. ಇನ್ನು ನೀವೇ ಕೂತು ಕೇಳಿ. ನಾನು ಬಂಟ್ವಾಳಕ್ಕೆ, ತಂಗಿಯ ಮನೆಗೆ ಹೋಗ್ತೇನೆ."

ಚೀಲ ಹಿಡಿದು ಹೊರಟೇ ಹೋದರು.

ಹಾಡು ಮುಗಿದಾಗ ಮಾಸ್ಟ್ರು ಕಣ್ಣು ತೆರೆದು, "ನಿಮಗೆ ಅವಸರ ಇಲ್ಲವಲ್ಲ? ಎಲ್ಲ ಹಾಕಿ ನೋಡುವ" ಎಂದರು. ಕಪಾಟು ತುಂಬ ರೆಕಾರ್ಡುಗಳಿದ್ದವು. ನನ್ನ ದುರದೃಷ್ಟಕ್ಕೆ ಒಂದರ ಮೇಲೂ ಗೀರು ಬಿದ್ದಿರಲಿಲ್ಲ.