ಓಬಮ್ಮ ಕರೆದ ಆರನೇ ಹೆಸರು

ಕಚೇರಿ ಯಾವುದು ಎಂದು ಮಾತ್ರ ಕೇಳಬೇಡಿ. ನಾಳೆ ಬೆಳಿಗ್ಗೆಯೂ ನಾನು ಅದೇ ಕಾಂಪೌಂಡಿನ ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಕೂರಬೇಕು. ನನ್ನ ಹೆಸರು ಚನ್ನಬಸಪ್ಪ, ಅರ್ಜಿ ಬರೆಯುವುದು ನನ್ನ ಕಸುಬು. ಮೂವತ್ತೊಂದು ವರ್ಷವಾಯಿತು. ಖಾತೆ ಬದಲಾವಣೆ, ಪಹಣಿ ತಿದ್ದುಪಡಿ, ವಿಧವಾ ವೇತನ, ಯಾವುದನ್ನಾದರೂ ತನ್ನಿ, ನಾನು ಬರೆದ ಅರ್ಜಿಯನ್ನು ಒಳಗಿನವರು ಹಿಂದಕ್ಕೆ ಎಸೆದದ್ದಿಲ್ಲ. ಕಡೂರಿನಿಂದ ಅಜ್ಜಂಪುರದವರೆಗೆ ಜನ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಇದನ್ನೆಲ್ಲ ಜಂಬಕ್ಕೆ ಹೇಳುತ್ತಿದ್ದಾನೆ ಎಂದುಕೊಂಡಿರಾ? ಹೌದು, ಜಂಬಕ್ಕೇ. ಆ ಜಂಬವನ್ನು ಇಳಿಸಿದ ಹೆಂಗಸಿನ ಕಥೆ ಹೇಳುವ ಮೊದಲು ಅದು ಎಷ್ಟಿತ್ತು ಎಂದು ನಿಮಗೆ ತಿಳಿದಿರಬೇಕು.

ಆಕೆ ಓಬಮ್ಮ. ಹುಲ್ಲುಬಂಡೆ ಎಂಬ ಊರಿನವಳು, ವಯಸ್ಸು ಅರವತ್ತರ ಆಸುಪಾಸು. ನೋಡಿದರೆ ಏನೂ ಇಲ್ಲ. ಗಿಡ್ಡ ಆಳು, ಬಣ್ಣ ಹೋದ ಸೀರೆ, ಒಡೆದ ಹಿಮ್ಮಡಿ. ಊರಿನ ಕಾವಲು, ಅಂದರೆ ಹುಲ್ಲುಗಾವಲಿನಲ್ಲಿ ಊರ ದನ ಕಾಯುವುದು ಆಕೆಯ ಮತ್ತು ಗಂಡನ ಕೆಲಸ. ಸಂಜೆ ಐದಾಯಿತೆಂದರೆ ಓಬಮ್ಮ ದೊಡ್ಡಿಯ ಬಾಗಿಲಲ್ಲಿ ನಿಂತು ಒಂದೊಂದೇ ದನವನ್ನು ಹೆಸರು ಹಿಡಿದು ಕರೆಯುತ್ತಾಳೆ. ಗಂಗೆ ಎಂದರೆ ಗಂಗೆಯೇ ಬರಬೇಕು, ಕೆಂದಿ ಎಂದರೆ ಕೆಂದಿಯೇ. ಪಕ್ಕದ ಹಸು ತಲೆ ಎತ್ತುವುದಿಲ್ಲವಂತೆ. ಎಲ್ಲ ಒಳಗೆ ಬಂದು, ಕೊನೆಯದೂ ಬಂದ ಮೇಲೆಯೇ ಬಾಗಿಲಿಗೆ ಅಡ್ಡ ಗಳ ಹಾಕುವುದು. ಮಳೆ ಬರಲಿ, ಗುಡುಗಲಿ, ಒಂದು ದನ ಹೊರಗಿದ್ದರೂ ಗಳ ಬೀಳುವುದಿಲ್ಲ. ಇದನ್ನು ಕೇಳಿದಾಗ ನಾನು ನಕ್ಕಿದ್ದೆ.

ಆಗಿದ್ದು ಇಷ್ಟು. ಹುಲ್ಲುಬಂಡೆಯಲ್ಲಿ ಪಂಚಾಯಿತಿಯ ಒಂದು ಸೀಟಿಗೆ ಉಪಚುನಾವಣೆ ನಡೆಯಿತು. ಒಂದೇ ಸೀಟು, ಆದರೆ ಪಂಚಾಯಿತಿ ಯಾರ ಕಡೆ ಎನ್ನುವುದು ಅದರ ಮೇಲೆ ನಿಂತಿತ್ತು. ಕಾವಲು ದನಕ್ಕೇ ಉಳಿಯುತ್ತದೋ, ಬೇರೆ ಯಾರಿಗೋ ಹೋಗುತ್ತದೋ ಎನ್ನುವುದೂ. ಮೊದಲ ಎಣಿಕೆಯಲ್ಲಿ ಊರಿನ ಹುಡುಗ ಹೊನ್ನೇಶ್ ಗೆದ್ದ. ಎರಡನೇ ಎಣಿಕೆಯಲ್ಲಿ ಮೂವತ್ತು ಮತಚೀಟಿ ತಿರಸ್ಕೃತವಾಗಿ ಹೊನ್ನೇಶ್ ಸೋತ. ಆ ಚೀಟಿಗಳನ್ನು ನಮ್ಮ ಕಣ್ಣೆದುರು ತೋರಿಸಿ, ಇನ್ನೊಂದು ಸಲ ಎಣಿಸಿ ಎಂದು ಊರಿನವರು ನಮ್ಮ ಕಚೇರಿಯ ಗೇಟಿನ ಮುಂದೆ ಕೂತರು. ಕಲ್ಲು ಎತ್ತಲಿಲ್ಲ, ಬಾಯಿಗೆ ಬಂದಂತೆ ಬೈಯಲೂ ಇಲ್ಲ. ಮೂರನೇ ದಿನ ಪೊಲೀಸರು ಆರು ಜನರನ್ನು ವ್ಯಾನಿಗೆ ಹತ್ತಿಸಿದರು. ಇನ್ನು ಮುಂದೆ ಶಾಂತಿ ಕಾಪಾಡುತ್ತೇವೆ ಎಂದು ಮುಚ್ಚಳಿಕೆ ಬರೆದುಕೊಟ್ಟರೆ ಬಿಡುತ್ತೇವೆ ಎಂದರು. "ಶಾಂತಿ ಕೆಡಿಸೇ ಇಲ್ಲ, ಕಾಪಾಡ್ತೀವಿ ಅಂತ ಯಾಕೆ ಬರ್ಕೊಡಾಣ?" ಎಂದು ಆರೂ ಜನ ಸಹಿ ಹಾಕಲಿಲ್ಲ. ಜೈಲಿಗೆ ಹೋದರು. ಆರನೆಯವನು ಓಬಮ್ಮನ ಗಂಡ.

ಮಾರನೇ ದಿನ ಓಬಮ್ಮ ನನ್ನ ಮೇಜಿನ ಮುಂದೆ ನಿಂತಳು.

"ಚನ್ನಬಸಣ್ಣ, ನಮ್ಮೋರನ್ನ ಬಿಡಿಸ್ಬೇಕು. ಬರೀರಿ."

"ಯಾರ್ಯಾರು, ಹೇಳಮ್ಮ."

ಆಕೆ ಕಣ್ಣು ಮುಚ್ಚಿಕೊಂಡು ಹೇಳಿದಳು. ಹೊನ್ನೇಶ್, ಆನಂದ್, ಶಾಹಬಾಜ್, ಕಲ್ಲೇಶ್, ಬೆನಕಪ್ಪ. ನಾನು ಬರೆದುಕೊಂಡೆ. ಆರನೆಯದಕ್ಕೆ ಬಂದಾಗ ಬಾಯಿ ಕಟ್ಟಿತು. ಸೆರಗು ಎಳೆದುಕೊಂಡು ನೆಲ ನೋಡುತ್ತ ನಿಂತಳು.

"ನಿನ್ನ ಯಜಮಾನನ ಹೆಸರೇನಮ್ಮ?"

"ಅಯ್ಯೋ, ಹೆಂಗೆ ಹೇಳ್ಲಣ್ಣ? ಕಾರ್ಡ್‌ನಾಗೈತೆ, ನೋಡ್ಕಳಿ."

ಗಂಡನ ಹೆಸರನ್ನು ಬಾಯಲ್ಲಿ ಹೇಳಿದರೆ ಆತನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ ಕಾಲದ ಹೆಂಗಸು. ಮದುವೆಯಾಗಿ ನಲವತ್ಮೂರು ವರ್ಷ, ಒಂದು ದಿನವೂ ಹೇಳಿಲ್ಲ. ನನ್ನ ತಾಯಿಯೂ ಹಾಗೇ ಇದ್ದಳು, ಅದಕ್ಕೆ ನಾನು ಬೈಯಲಿಲ್ಲ. ಆದರೆ ರೇಷನ್ ಕಾರ್ಡು ಮನೆಯಲ್ಲಿತ್ತು. ಅರ್ಜಿದಾರಳ ಸಾಲಿನಲ್ಲಿ 'ಓಬಮ್ಮ ಕೋಂ' ಎಂದು ಬರೆದು ಬಿಟ್ಟೆ. ಕೋಂ ಎಂದರೆ ಇಂಥವರ ಹೆಂಡತಿ ಎಂದು. ನಮ್ಮ ಕಾಗದಗಳಲ್ಲಿ ಈಗಲೂ ಹಾಗೇ ಬರೆಯುವುದು. ಪಟ್ಟಿಯಲ್ಲೂ ಆರು ಎಂದು ಅಂಕಿ ಹಾಕಿ ಮುಂದೆ ಖಾಲಿ ಬಿಟ್ಟೆ. ಅಷ್ಟರಲ್ಲಿ ಟಪಾಲು ಕಿಟಕಿ ಮುಚ್ಚುವ ಹೊತ್ತಾಯಿತು. ಇವತ್ತು ಮೊಹರು ಬೀಳಲಿ, ನಾಳೆ ಕಾರ್ಡು ತಾ, ಒಳಗೆ ಹೋಗಿ ತುಂಬಿಸುತ್ತೇನೆ ಎಂದೆ. ಅರ್ಜಿಯ ಕೊನೆಯಲ್ಲಿ ಒಳ್ಳೆಯ ಒಂದು ವಾಕ್ಯವನ್ನೂ ಬರೆದಿದ್ದೆ. ಇವರು ಕಳ್ಳರಲ್ಲ, ಮತ ಎಣಿಸಿ ಎಂದು ಕೇಳಿದ್ದಕ್ಕೆ ಸೆರೆಯಾದ ರಾಜಕೀಯ ಕೈದಿಗಳು ಎಂದು.

"ಹಂಗಂದ್ರೇನಣ್ಣ?"

"ತಪ್ಪು ಮಾಡ್ದೆ, ಪ್ರಶ್ನೆ ಕೇಳಿ ಒಳಗೆ ಹೋದೋರು ಅಂತ ಕಣಮ್ಮ."

"ಹಂಗಾದ್ರೆ ಸರಿಯಾಗೈತೆ. ಅದನ್ನ ದಪ್ಪಕ್ಕೆ ಬರೀರಿ."

ದಪ್ಪಕ್ಕೆ ಬರೆದೆ. ಮಾರನೇ ದಿನ ಆಕೆ ಕಾರ್ಡನ್ನೂ ತಂದಳು. ಅವತ್ತು ನನ್ನ ಮೇಜಿನ ಮುಂದೆ ಪಹಣಿಯವರ ಸಾಲು ನಿಂತಿತ್ತು. ಕಾರ್ಡು ಇಸಿದುಕೊಂಡು ಡ್ರಾಯರಿಗೆ ಹಾಕಿದೆ. ಮರೆತೇಬಿಟ್ಟೆ.

ಕಾರ್ಡು ಕೊಟ್ಟ ಮೇಲೆ ಓಬಮ್ಮ ಮನೆಗೆ ಹೋಗಲಿಲ್ಲ. ದನಗಳನ್ನು ತಂಗಿಗೆ ಒಪ್ಪಿಸಿ ಬಂದಿದ್ದಳು. ಇಡೀ ದಿನ ಮರದ ಕೆಳಗೆ ಕೂತಿದ್ದು, ಸಂಜೆ ಐದಕ್ಕೆ ಎದ್ದು, ಗೇಟಿನ ಕಡೆ ಮುಖ ಮಾಡಿ ನಿಂತು ಕರೆದಳು.

"ಹೊನ್ನೇಶಾ... ಬಾರೋ..."

ಏನೆಂದು ಹೇಳಲಿ! ಮೂವತ್ತೊಂದು ವರ್ಷದಲ್ಲಿ ಆ ಕಾಂಪೌಂಡಿನಲ್ಲಿ ನಾನು ಅಳು ಕೇಳಿದ್ದೇನೆ, ಘೋಷಣೆ ಕೇಳಿದ್ದೇನೆ, ಮೈಕಿನ ಭಾಷಣ ಕೇಳಿದ್ದೇನೆ. ಇದು ಯಾವುದೂ ಅಲ್ಲ. ಆ ಗಿಡ್ಡ ಹೆಂಗಸಿನ ಎದೆಯಿಂದ ಅಷ್ಟು ದೊಡ್ಡ ದನಿ ಹೇಗೆ ಬಂತೋ ದೇವರಿಗೇ ಗೊತ್ತು. ಅದರಲ್ಲಿ ಕೋಪವಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಹೊತ್ತಾಯಿತು, ಮನೆಗೆ ಬಾ, ಅಷ್ಟೇ. ನನ್ನ ಕೈಯ ಪೆನ್ನು ನಿಂತಿತು. ಬಸ್ ಸ್ಟಾಂಡಿನ ಕಡೆ ಹೋಗುತ್ತಿದ್ದವರು ತಿರುಗಿ ನಿಂತರು. ಆನಂದಾ ಬಾರೋ. ಶಾಹಬಾಜೂ ಬಾರಪ್ಪಾ. ಕಲ್ಲೇಶಾ ಬಾರೋ. ಬೆನಕಪ್ಪಣ್ಣೋ ಬಾರಣ್ಣಾ. ಆಮೇಲೆ ಬಾಯಿ ಮುಚ್ಚಿ, ಇನ್ನೊಂದು ಹೆಸರಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನೆ ರಸ್ತೆ ನೋಡಿದಳು. ಆ ಮೌನ ಯಾರದೆಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ನನಗೂ ಗೊತ್ತಾಯಿತು. ಆದರೂ ಡ್ರಾಯರಿನಲ್ಲಿದ್ದ ಕಾರ್ಡು ನೆನಪಾಗಲಿಲ್ಲ ನೋಡಿ.

ನಾನು ಸುಮ್ಮನಿರುವ ಪೈಕಿ ಅಲ್ಲ. ಹತ್ತಿರ ಹೋಗಿ ಗದರಿದೆ.

"ಏನಮ್ಮಾ ಇದು, ದನ ಕರೆಯೋ ಜಾಗಾನಾ? ಒಳಗೆ ಆಫೀಸರ್ ಇದ್ದಾರೆ."

"ಒಳಗಡೆ ಅವರನ್ನ ಏನಂತಾರಣ್ಣ?"

"ಆರು ಜನ ಆರೋಪಿಗಳು ಅಂತಾರೆ."

"ಆರು ಜನಾ ಅಂದ್ರೆ ಯಾರು ಬತ್ತಾರೆ? ನೀವೇ ಹೇಳಿ. ಹೆಸರು ಹಿಡಿದು ಕರೆದ್ರೆ ತಾನೇ ಬರೋದು."

ನನಗೆ ಇನ್ನಷ್ಟು ಸಿಟ್ಟು ಬಂತು. "ನಿನ್ನ ಗಂಡನಿಗಾದ್ರೂ ಸಹಿ ಹಾಕು ಅಂತ ಹೇಳು, ವಯಸ್ಸಾದ ಜೀವ, ಮನೆಗೆ ಬರ್ಲಿ," ಎಂದೆ. ಆಕೆ ನನ್ನನ್ನು ಎಳೆಕರುವನ್ನು ನೋಡುವ ಹಾಗೆ ನೋಡಿದಳು.

"ಒಂದು ದನ ಬಂತು ಅಂತ ದೊಡ್ಡಿಗೆ ಗಳ ಹಾಕ್ತಾರೇನಣ್ಣ?"

ಹೀಗೆ ಹದಿನೆಂಟು ದಿನ. ಎರಡನೇ ವಾರಕ್ಕೆ ಐದು ಗಂಟೆಯ ಹೊತ್ತಿಗೆ ಕಚೇರಿಯ ಗುಮಾಸ್ತರೂ ವರಾಂಡಕ್ಕೆ ಬಂದು ನಿಲ್ಲತೊಡಗಿದರು. ಗೇಟಿನ ಪೊಲೀಸಿನವನು ಟೋಪಿ ತೆಗೆದು ಕೈಯಲ್ಲಿ ಹಿಡಿಯುತ್ತಿದ್ದ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಶಾಹಬಾಜನ ತಾಯಿ ಮಹಬೂಬ್ ಬಿ ದಿನಾ ಬಂದು ಓಬಮ್ಮನ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಮಗನ ಹೆಸರು ಬಂದಾಗ "ಆಜಾ, ಆಜಾ ಬೇಟಾ" ಎಂದು ತುಟಿಯಲ್ಲೇ ಹೇಳಿಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಐದು ಹೆಸರಾದ ಮೇಲಿನ ಆ ಮೌನಕ್ಕೆ ಜನ ಉಸಿರು ಬಿಗಿಹಿಡಿಯುತ್ತಿದ್ದರು. ನಾನೂ ದಿನಾ ಐದಕ್ಕೆ ಪೆನ್ನಿನ ಕ್ಯಾಪು ಹಾಕಿ ಎದ್ದು ನಿಲ್ಲುತ್ತಿದ್ದೆ. ಮೈ ಜುಮ್ಮೆನ್ನುತ್ತಿತ್ತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ತಹಶೀಲ್ದಾರ್ ಮೇಡಂ ಮಾತ್ರ ಹೊರಗೆ ಬರುತ್ತಿರಲಿಲ್ಲ. ಮಹಡಿಯ ಕಿಟಕಿ ಆ ಹೊತ್ತಿಗೆ ತೆರೆದಿರುತ್ತಿತ್ತು, ಅಷ್ಟೇ.

ಹತ್ತೊಂಬತ್ತನೇ ದಿನ ಆದೇಶ ಬಂತು. ಮುಚ್ಚಳಿಕೆ ಇಲ್ಲದೆ ಬಿಡುಗಡೆ! ಮಧ್ಯಾಹ್ನ ಮೂರಕ್ಕೆ ಜೈಲಿನ ವ್ಯಾನು ಆರೂ ಜನರನ್ನು ಕೂರಿಸಿಕೊಂಡು ಕಾಂಪೌಂಡಿಗೆ ಬಂತು. ಹುಲ್ಲುಬಂಡೆಯ ಜನ ಟ್ರ್ಯಾಕ್ಟರಿನಲ್ಲಿ ಬಂದಿಳಿದಿದ್ದರು. ನನ್ನ ಅರ್ಜಿ ಗೆದ್ದಿತು ಎಂದು ನಾನು ಮೀಸೆ ತೀಡಿಕೊಂಡು ನಿಂತೆ. ಶಿರಸ್ತೇದಾರ್ ಸಿದ್ದಪ್ಪನವರು ಕಾಗದ ಹಿಡಿದು ಓದಿದರು. ಹೊನ್ನೇಶ್ ಇಳಿದ. ಆನಂದ್ ಇಳಿದ. ಶಾಹಬಾಜ್, ಕಲ್ಲೇಶ್, ಬೆನಕಪ್ಪ ಇಳಿದರು. ಸಿದ್ದಪ್ಪನವರು ಕಾಗದ ಮಡಿಚಿದರು.

"ಇನ್ನೊಬ್ರು ಸ್ವಾಮಿ, ಇನ್ನೊಬ್ರು ಅವ್ರೆ ಒಳಗೆ," ಎಂದಳು ಓಬಮ್ಮ.

"ಅರ್ಜಿಯಲ್ಲಿ ಐದೇ ಹೆಸರು ಇರೋದಮ್ಮ, ಆರ್ಡರ್‌ನಲ್ಲೂ ಐದೇ. ಆರು ಅಂತ ಅಂಕಿ ನೋಡಿ ಜೈಲಿನೋರು ಆರು ಜನಾನೂ ಕಳಿಸಿದ್ದಾರೆ, ಆದ್ರೆ ಅದರ ಮುಂದೆ ಖಾಲಿ. ಹೊಸ ಅರ್ಜಿ ಕೊಡಿ, ನೋಡೋಣ."

ಆಗ ನೆನಪಾಯಿತು. ಡ್ರಾಯರು ಎಳೆದೆ. ಕಾರ್ಡು ಅಲ್ಲೇ ಇತ್ತು, ಅದರ ಮೇಲೆ ನಾನು ತಿಂದ ಕಡಲೆಕಾಯಿ ಸಿಪ್ಪೆ. ಥೂ ನನ್ನ ಜನ್ಮಕ್ಕಿಷ್ಟು! ಓಡಿಹೋಗಿ ತಪ್ಪು ನನ್ನದು, ನನ್ನದು ಎಂದೆ. ಸಿದ್ದಪ್ಪನವರು ಮುಖ ಬಾಡಿಸಿಕೊಂಡು, ಆರ್ಡರ್ ಆರ್ಡರ್ರೇ ಕಣ್ರೀ, ನಾನೇನು ಮಾಡಲಿ ಎಂದರು. ಹೊಸ ಅರ್ಜಿ, ಹೊಸ ಕಡತ, ಇನ್ನೊಂದು ತಿಂಗಳು. ಡ್ರೈವರು ವ್ಯಾನು ಸ್ಟಾರ್ಟ್ ಮಾಡಿದ. ಜಾಲರಿಯ ಹಿಂದೆ ಬಿಳಿ ಗಡ್ಡದ ಒಬ್ಬ ಮುದುಕ ಹೆಂಡತಿಯನ್ನೇ ನೋಡುತ್ತ ಕೂತಿದ್ದ.

ಬಿಡುಗಡೆಯಾದ ಐವರೂ ಟ್ರ್ಯಾಕ್ಟರ್ ಹತ್ತಲಿಲ್ಲ. ತಿರುಗಿ ಬಂದು ವ್ಯಾನಿನ ಬಾಗಿಲ ಬಳಿ ನೆಲದ ಮೇಲೆ ಕೂತರು. ಓಬಮ್ಮ ನನ್ನ ಕಡೆ ನೋಡಿದಳು. ನಾಲ್ಕು ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. ವ್ಯಾನಿನ ಮುಂದೆ ಹೋಗಿ ನಿಂತಳು. ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದಳು. ತನ್ನ ಬಾಯಿಂದಲೇ ಗಂಡನ ಆಯುಷ್ಯ ಕಡಿಯಬೇಕಾದ ಹೆಂಗಸಿನ ಮುಖ ಹೇಗಿರುತ್ತದೆ ಎಂದು ನಾನು ಅವತ್ತು ನೋಡಿದೆ.

"ಉಗ್ರಪ್ಪಾ..."

ಡ್ರೈವರು ತಾನಾಗಿಯೇ ಇಂಜಿನ್ ಆಫ್ ಮಾಡಿದ.

"ಉಗ್ರಪ್ಪಾ... ಬನ್ನೀ... ಹೊತ್ತಾಯ್ತು ಬನ್ನೀ..."

ಅಪ್ಪಾ, ಆ ದನಿ! ಹದಿನೆಂಟು ದಿನ ಆಕೆ ನುಂಗಿಕೊಂಡದ್ದೆಲ್ಲ ಅದರಲ್ಲಿ ಇತ್ತು. ಆ ಹೆಸರು ಕಚೇರಿಯ ಗೋಡೆಗೆ ಬಡಿದು ತಿರುಗಿ ಬಂತು. ವ್ಯಾನಿನ ಒಳಗಿನಿಂದ ಮುದುಕ "ಓ..." ಎಂದ. ಅಷ್ಟೇ ಅಂದದ್ದು. ಪಕ್ಕದಲ್ಲಿದ್ದ ಗೇಟಿನ ಪೊಲೀಸಿನವನು ಮುಖ ಆ ಕಡೆ ತಿರುಗಿಸಿಕೊಂಡ.

ಮಹಡಿಯ ಮೆಟ್ಟಿಲಲ್ಲಿ ಚಪ್ಪಲಿ ಸದ್ದಾಯಿತು. ತಹಶೀಲ್ದಾರ್ ಮೇಡಂ ಇಳಿದು ಬಂದರು. ಮೊದಲ ಸಲ ಅವರನ್ನು ಅಷ್ಟು ಹತ್ತಿರದಿಂದ ನೋಡಿದ್ದು. ಇನ್ನೂ ಚಿಕ್ಕ ವಯಸ್ಸು, ಕಣ್ಣು ಕೆಂಪಗಾಗಿತ್ತು. ಯಾರನ್ನೂ ಏನೂ ಕೇಳಲಿಲ್ಲ. ಸಿದ್ದಪ್ಪನವರ ಕೈಯಿಂದ ಕಾಗದ ಇಸಿದುಕೊಂಡು, ನನ್ನ ಮೇಜಿನ ಮೇಲಿಟ್ಟು, ನನ್ನ ಪೆನ್ನನ್ನೇ ತೆಗೆದುಕೊಂಡು ಆರನೇ ಸಾಲಿನಲ್ಲಿ ತಮ್ಮ ಕೈಯಾರೆ ಬರೆದರು. ಕೆಳಗೆ ಚಿಕ್ಕ ಸಹಿ ಹಾಕಿದರು.

"ಬಾಗಿಲು ತೆಗೀರಿ," ಎಂದರು.

ಉಗ್ರಪ್ಪ ಇಳಿದು ಬಂದ. ಓಬಮ್ಮ ಆಗಲೇ ಸೆರಗು ಮುಖದ ಮೇಲೆ ಎಳೆದುಕೊಂಡು ಬಿಕ್ಕುತ್ತಿದ್ದಳು. ಮುದುಕ ಆಕೆಯ ಎದುರು ಬಂದು ನಿಂತ.

"ನನ್ನ ಹೆಸರು ಇಷ್ಟು ಚೆಂದಾಗೈತೆ ಅಂತ ನಂಗೇ ಗೊತ್ತಿರ್ಲಿಲ್ಲ ಕಣೇ," ಎಂದ.

"ಸುಮ್ಕೆ ನಡೀರಿ ಅತ್ಲಾಗೆ," ಎಂದಳು ಓಬಮ್ಮ.

ಮತ ಎಣಿಕೆಯ ಕೇಸು ಇನ್ನೂ ಕೋರ್ಟಿನಲ್ಲಿದೆ. ಮೊನ್ನೆ ಅದಕ್ಕೊಂದು ಹೇಳಿಕೆ ಬರೆಸಲು ಓಬಮ್ಮ ಮತ್ತೆ ನನ್ನ ಮೇಜಿಗೆ ಬಂದಿದ್ದಳು. 'ಓಬಮ್ಮ ಕೋಂ' ಎಂದು ಬರೆದು ಪೆನ್ನು ನಿಲ್ಲಿಸಿ ತಲೆ ಎತ್ತಿದೆ. ಕೇಳಬೇಕು ಎನ್ನಿಸಿತು, ಇನ್ನೊಂದೇ ಸಲ ಆ ಬಾಯಲ್ಲಿ ಆ ಹೆಸರು ಕೇಳಬೇಕು ಎಂಬ ಆಸೆ.

ಆಕೆ ಸೆರಗು ಎಳೆದುಕೊಂಡು ನೆಲ ನೋಡಿದಳು.

"ಅಯ್ಯೋ, ಹೆಂಗೆ ಹೇಳ್ಲಣ್ಣ? ಕಾರ್ಡ್‌ನಾಗೈತೆ, ನೋಡ್ಕಳಿ."

ಕಾರ್ಡು ಮುಂದಕ್ಕೆ ಚಾಚಿದಳು. ನಾನು ಅದನ್ನು ಮುಟ್ಟದೆ ಉಗ್ರಪ್ಪ ಎಂದು ಬರೆದೆ.